ಹಿಂದಿನ ಬೆಂಚು ಸುಮ್ಮನಾದ ದಿನ: ಲಿಯಾನ್ ಬಾಸ್ ಎಂಬ ಸಾಕ್ಷಿ

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ಅಂತ ಒಂದು ಶಾಲೆ. ಆಗ ಅಲ್ಲಿ ಹುಡುಗರೇ ಓದುತ್ತಿದ್ದರು, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಹುಡುಗರು. ಗ್ಯಾಂಗುಗಳ ಜಗಳ ಗೇಟಿನ ತನಕ ಬರುತ್ತಿದ್ದ ಕಾಲ. ಮೇಷ್ಟ್ರುಗಳು ವರ್ಗ ಮಾಡಿಸಿಕೊಳ್ಳಲು ದಾರಿ ಹುಡುಕುವಂಥ ಶಾಲೆ ಅದು.

ಒಂದು ದಿನ ಅಲ್ಲಿಯ ತರಗತಿಯೊಂದಕ್ಕೆ ನೀನಾ ಕಲೆಸ್ಕಾ ಎಂಬ ಮಹಿಳೆ ಮಾತಾಡಲು ಬಂದಿದ್ದರು. ಯುರೋಪಿನ ಯಹೂದಿ. ಎಳೆಯ ವಯಸ್ಸಿನಲ್ಲಿ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರ ಕಂಡು, ಮನೆಯವರನ್ನು ಕಳೆದುಕೊಂಡು, ಬದುಕಿ ಬಂದವರು. ಅವರು ಅದನ್ನೇ ಹೇಳುತ್ತಿದ್ದರು. ಹುಡುಗರು ಕೇಳುತ್ತಿರಲಿಲ್ಲ. ಗುಸುಗುಸು, ನಗು, ತಮ್ಮ ಪಾಡಿಗೆ ತಮ್ಮ ಮಾತು. ಯಾವುದೋ ದೂರದ ದೇಶದಲ್ಲಿ, ತಾವು ಹುಟ್ಟುವ ಮುಂಚೆ, ಬಿಳಿಯರು ಬಿಳಿಯರನ್ನು ಕೊಂದ ಕತೆ ನಮಗ್ಯಾಕೆ ಅನ್ನುವ ಹಾಗೆ ಕೂತಿದ್ದರು.

ಪ್ರಿನ್ಸಿಪಾಲರು ಒಳಗೆ ಬಂದರು. ಹೆಸರು ಲಿಯಾನ್ ಬಾಸ್. ಅವರೂ ಕಪ್ಪು ಜನಾಂಗದವರೇ. ಬಂದವರು ಬೈಯಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ. ಮುಂದೆ ಹೋಗಿ ನಿಂತು, ಈಕೆ ಹೇಳುತ್ತಿರುವುದು ನಿಜ, ನನಗೆ ಗೊತ್ತು, ಯಾಕಂದರೆ ಅಂಥ ಜಾಗಕ್ಕೆ ನಾನು ಹೋಗಿದ್ದೆ, ಕಣ್ಣಾರೆ ನೋಡಿದ್ದೆ ಅನ್ನುವ ಅರ್ಥದಲ್ಲಿ ಎರಡು ಮಾತು ಹೇಳಿದರು. ತರಗತಿ ಸುಮ್ಮನಾಯಿತು. ಕೊನೆಯ ತನಕ ಕೇಳಿದರು.

ಎಲ್ಲ ಮುಗಿದ ಮೇಲೆ ಕಲೆಸ್ಕಾ ಪ್ರಿನ್ಸಿಪಾಲರ ಬೆನ್ನು ಹತ್ತಿದರು. ನಿಮ್ಮ ಹತ್ತಿರ ಹೇಳುವ ಕತೆ ಇದೆ, ನೀವೂ ಹೇಳಬೇಕು ಅಂತ. ಬಾಸ್ ಅಲ್ಲಿಂದ ಶುರು ಮಾಡಿದವರು ನಾಲ್ಕು ದಶಕದ ಹತ್ತಿರ ಅದೇ ಕೆಲಸ ಮಾಡಿದರು. ಶಾಲೆ, ಕಾಲೇಜು, ಯಹೂದಿ ಪ್ರಾರ್ಥನಾ ಮಂದಿರ, ಚರ್ಚು, ಕರೆದಲ್ಲಿಗೆ ಹೋದರು.

ನಾನೂ ಹೈಸ್ಕೂಲಿನಲ್ಲಿ ಪಾಠ ಮಾಡಿದವನು. ಹಿಂದಿನ ಬೆಂಚನ್ನು ಎರಡು ಮಾತಿನಲ್ಲಿ ಸುಮ್ಮನಾಗಿಸುವುದು ಎಷ್ಟು ಕಷ್ಟ ಅಂತ ಗೊತ್ತು. ಹಾಗಾಗಿ ಈ ಪ್ರಕರಣದಲ್ಲಿ ನನ್ನ ಕುತೂಹಲ ಮೊದಲು ಅಲ್ಲಿಗೇ ಹೋಗುತ್ತದೆ. ಆ ಎರಡು ಮಾತಿಗೆ ಆ ತೂಕ ಎಲ್ಲಿಂದ ಬಂತು?

ನೀನು ಲಾಯಕ್ಕಿಲ್ಲ

ಬಾಸ್ ಹುಟ್ಟಿದ್ದು 1925ರಲ್ಲಿ, ಫಿಲಡೆಲ್ಫಿಯಾದಲ್ಲೇ. ಅಪ್ಪ ದಕ್ಷಿಣದ ಸೌತ್ ಕ್ಯಾರೊಲೈನಾದಿಂದ ಬಂದವರು. ರೈಲಿನ ಪುಲ್‌ಮನ್ ಬೋಗಿಗಳಲ್ಲಿ ಪೋರ್ಟರ್. ಅಂದರೆ ಪ್ರಯಾಣಿಕರ ಸಾಮಾನು ಎತ್ತಿಡುವುದು, ಹಾಸಿಗೆ ಹಾಸುವುದು. ಮೊದಲ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದ ಮನುಷ್ಯ. ಮನೆ ತುಂಬ ಮಕ್ಕಳು, ಶಿಸ್ತು ಜಾಸ್ತಿ.

1943ರಲ್ಲಿ, 18 ತುಂಬಿದ ಹುಡುಗ ತಾನಾಗಿಯೇ ಸೈನ್ಯ ಸೇರಲು ಹೋದ. ಅಲ್ಲಿ ಸಾರ್ಜೆಂಟ್ ಬಿಳಿ ಹುಡುಗರನ್ನು ಒಂದು ಕಡೆ ಕಳಿಸಿದ, ಇವನನ್ನು ಇನ್ನೊಂದು ಕಡೆ. ಅಮೆರಿಕದ ಸೈನ್ಯದಲ್ಲಿ ಆಗ ಕಪ್ಪು ಸೈನಿಕರ ತುಕಡಿಗಳೇ ಬೇರೆ. ಹಿಟ್ಲರನ ಜನಾಂಗದ್ವೇಷದ ವಿರುದ್ಧ ಹೋರಾಡಲು ಹೊರಟ ಸೈನ್ಯ ತಾನೇ ಬಣ್ಣ ನೋಡಿ ಪಂಕ್ತಿ ಹಾಕಿತ್ತು. ಅಧ್ಯಕ್ಷ ಟ್ರೂಮನ್ ಅದನ್ನು ತೆಗೆಯಲು ಆದೇಶ ಹೊರಡಿಸಿದ್ದು 1948ರಲ್ಲಿ, ಯುದ್ಧ ಮುಗಿದು ಮೂರು ವರ್ಷಕ್ಕೆ.

ತರಬೇತಿಗೆ ದಕ್ಷಿಣಕ್ಕೆ ಹಾಕಿದರು. ಜಾರ್ಜಿಯಾ, ಮಿಸಿಸಿಪ್ಪಿ, ಟೆಕ್ಸಾಸ್. ಸಾರ್ವಜನಿಕ ನಲ್ಲಿಯಲ್ಲಿ ನೀರು ಕುಡಿಯುವ ಹಾಗಿಲ್ಲ. ಬಸ್ಸಿನಲ್ಲಿ ಮುಂದೆ ಸೀಟು ಖಾಲಿ ಇದ್ದರೂ ಮೈಲುಗಟ್ಟಲೆ ಹಿಂದೆ ನಿಂತೇ ಹೋಗಬೇಕು. ಟೆಕ್ಸಾಸ್‌ನಲ್ಲಿ ಹಸಿದು ಹೋಟೆಲಿಗೆ ಹೋದರೆ ಮುಂದೆ ಕೂರಿಸಿ ಊಟ ಹಾಕುವುದಿಲ್ಲ ಅಂದರು. ಮೈಮೇಲೆ ಇದ್ದದ್ದು ಅದೇ ದೇಶದ ಸಮವಸ್ತ್ರ! ಮುಂದೆ ಪ್ರತಿ ಭಾಷಣದಲ್ಲೂ ಬಾಸ್ ಇದನ್ನೆಲ್ಲ ಒಂದೇ ಮಾತಿನ ಸುತ್ತ ಕಟ್ಟುತ್ತಿದ್ದರು. ದೇಶ ನನಗೆ ದಿನಾ ಹೇಳುತ್ತಿದ್ದದ್ದು ಒಂದೇ, ನೀನು ಲಾಯಕ್ಕಿಲ್ಲ ಅಂತ. 2011ರಲ್ಲಿ ಬಂದ ಅವರ ಆತ್ಮಕತೆಯ ಹೆಸರು ಅದೇ ಮಾತನ್ನು ತಿರುಗಿಸಿ ಇಟ್ಟದ್ದು, ನಾನು ಲಾಯಕ್ಕಿದ್ದೇನೆ ಅನ್ನುವ ಅರ್ಥ ಬರುವ ಹಾಗೆ.

ಅವರ ತುಕಡಿ 183ನೇ ಎಂಜಿನಿಯರ್ ಕಾಂಬ್ಯಾಟ್ ಬೆಟಾಲಿಯನ್. ಎಂಜಿನಿಯರ್ ಅಂದ ಕೂಡಲೇ ನಮ್ಮವರಿಗೆ ಬೇರೆ ಚಿತ್ರ ಬರುತ್ತದೆ. ಇವರ ಕೆಲಸ ಸೇತುವೆ ಕಟ್ಟುವುದು, ರಸ್ತೆ ಸರಿ ಮಾಡುವುದು, ಜೊತೆಗೆ ಬಂದೂಕು ಹಿಡಿಯುವುದು. 1944ರ ಡಿಸೆಂಬರ್‌ನಲ್ಲಿ ಜರ್ಮನರು ಆರ್ಡೆನ್ಸ್ ಕಾಡಿನಲ್ಲಿ ಮೇಲೆ ಬಿದ್ದಾಗ ಬೆಲ್ಜಿಯಂನ ಬಾಸ್ಟೋನ್ ಊರು ಮುತ್ತಿಗೆಯಲ್ಲಿ ಸಿಕ್ಕಿತು. ಅಲ್ಲಿಗೆ ಹೋಗುವ ದಾರಿಯ ಮಾರ್ಟೆಲಾಂಜ್‌ನಲ್ಲಿ ಇವರು ಸೇತುವೆ ಕಟ್ಟಿದರು. ಹಿಮ, ಚಳಿ, ಸುತ್ತ ಹೆಣಗಳು. ನಾನಿಲ್ಲಿ ಯಾರಿಗೋಸ್ಕರ, ಏನಕ್ಕೋಸ್ಕರ ಹೋರಾಡುತ್ತಿದ್ದೇನೆ ಅನ್ನುವ ಪ್ರಶ್ನೆ ಆಗ ತನ್ನನ್ನು ತಿನ್ನುತ್ತಿತ್ತು ಅಂತ ಬಾಸ್ ಹೇಳಿಕೊಂಡಿದ್ದಾರೆ. ಸಿಟ್ಟು ಹೊತ್ತ ಸೈನಿಕನಾಗಿಯೇ ಅವರು ಜರ್ಮನಿ ಹೊಕ್ಕರು.

ಅಂಟಿಹೋದ ಬೆರಳುಗಳು

1945ರ ಏಪ್ರಿಲ್. ಬಾಸ್‌ಗೆ 20 ವರ್ಷ. ಅವರು ತುಕಡಿಯ ಗುಪ್ತ ಮಾಹಿತಿ ವಿಭಾಗದಲ್ಲಿದ್ದರು. ಒಬ್ಬ ಅಧಿಕಾರಿ ಕೆಲವರನ್ನು ಆರಿಸಿ, ನಡೆಯಿರಿ, ಕಾನ್ಸಂಟ್ರೇಶನ್ ಕ್ಯಾಂಪಿಗೆ ಹೋಗಬೇಕು ಅಂದ. ಹಾಗಂದರೆ ಏನು ಅಂತ ಇವರಿಗೆ ಗೊತ್ತೇ ಇರಲಿಲ್ಲ. ಅಷ್ಟೆಲ್ಲ ತಿಂಗಳ ತರಬೇತಿಯಲ್ಲಿ ಯಾರೂ ಆ ಪದವನ್ನೇ ಹೇಳಿರಲಿಲ್ಲ.

ಹೋದದ್ದು ಬುಕೆನ್‌ವಾಲ್ಡ್‌ಗೆ. ವೈಮಾರ್ ಪಟ್ಟಣದ ಪಕ್ಕದ ಎಟರ್ಸ್‌ಬರ್ಗ್ ಗುಡ್ಡದ ಮೇಲೆ ನಾಜಿಗಳು 1937ರಲ್ಲಿ ಶುರು ಮಾಡಿದ ಶಿಬಿರ. ವೈಮಾರ್ ಅಂದರೆ ಮಹಾಕವಿ ಗಯಟೆ ಬಾಳಿದ ಊರು, ಜರ್ಮನರು ಹೆಮ್ಮೆಪಡುವ ಊರು. ಅದರ ನೆತ್ತಿಯ ಮೇಲೆ ಎಂಟು ವರ್ಷದಲ್ಲಿ ಸುಮಾರು 2,80,000 ಜನರನ್ನು ಕೂಡಿಹಾಕಿದರು. ಸತ್ತವರು ಸುಮಾರು 56,000. ಯಹೂದಿಗಳು, ಕಮ್ಯುನಿಸ್ಟರು, ರೋಮಾ ಜನ, ಸೋವಿಯತ್ ಯುದ್ಧಕೈದಿಗಳು, ಎಲ್ಲರೂ ಇದ್ದರು. ಗೇಟಿನ ಕಬ್ಬಿಣದಲ್ಲಿ ಜರ್ಮನ್ ಭಾಷೆಯ ಮೂರು ಪದ: ಯೇಡೆಮ್ ದಾಸ್ ಸೈನೆ. ಅವರವರಿಗೆ ಸಲ್ಲುವುದು ಅವರವರಿಗೆ ಅಂತ ಅರ್ಥ. ಅಕ್ಷರಗಳನ್ನು ಒಳಗೆ ನಿಂತವರಿಗೆ ನೇರವಾಗಿ ಓದಲು ಬರುವ ಹಾಗೆ ಕೂರಿಸಿದ್ದರು.

ಬಾಸ್ ಒಳಗೆ ಇದ್ದದ್ದು ಕೆಲವೇ ಗಂಟೆ. ಬಾಗಿಲಲ್ಲೇ ಎದುರಾದವರು ನಡೆದಾಡುವ ಹೆಣಗಳ ಹಾಗಿದ್ದರು. ಬೋಳಿಸಿದ ತಲೆ, ಚರ್ಮ ಮತ್ತು ಮೂಳೆ, ಮೈತುಂಬ ಹುಣ್ಣು. ಅವರಲ್ಲಿ ಒಬ್ಬ ಎರಡೂ ಕೈ ಮುಂದೆ ಚಾಚಿದ. ಹೊಟ್ಟೆಗಿಲ್ಲದೆ ಎದ್ದ ಹುಣ್ಣು ಒಣಗಿ, ಹಕ್ಕಳೆ ಕಟ್ಟಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಬಾತುಕೋಳಿಯ ಪಾದದ ಹಾಗಾಗಿದ್ದವು. ಆ ಕೈಗಳ ವಿವರ ಅವರು ಹೇಳಿದ ಕಡೆಯೆಲ್ಲ ಬರುತ್ತದೆ. ಆಮೇಲೆ ಬ್ಯಾರಕ್ಕು. ವಾಸನೆಗೆ ಬಾಗಿಲು ದಾಟಲಾಗಲಿಲ್ಲ. ಕೆಳಗಿನ ಹಲಗೆಯ ಮೇಲೆ ಒಬ್ಬ ಮಲಗಿದ್ದ. ತಲೆ ಎತ್ತಿ ನೋಡಲು ಪ್ರಯತ್ನ ಮಾಡಿದ, ಅಷ್ಟು ಶಕ್ತಿಯೂ ಇರಲಿಲ್ಲ. ಗಾಜಿನ ಜಾಡಿಗಳಲ್ಲಿ ಇಟ್ಟ ಮನುಷ್ಯರ ಅಂಗಗಳನ್ನು ಕಂಡರು. ಹೆಣ ಸುಡುವ ಒಲೆಗಳನ್ನು ಕಂಡರು, ಅವುಗಳ ಹೊರಗೆ ಸೌದೆಯ ಹಾಗೆ ಪೇರಿಸಿದ ಹೆಣಗಳನ್ನೂ.

ಹೋದಾಗ ಇದ್ದ ಸಿಟ್ಟು ಬರುವಾಗ ಹೋಯಿತು ಅಂತ ಬಾಸ್ ಎಲ್ಲೂ ಹೇಳುವುದಿಲ್ಲ. ನರಳಾಟ ನನ್ನೊಬ್ಬನ ಆಸ್ತಿಯಲ್ಲ ಅಂತ ಅವತ್ತು ತಿಳಿಯಿತು ಅನ್ನುತ್ತಾರೆ. ದ್ವೇಷವನ್ನು ಅದರ ಪಾಡಿಗೆ ಬಿಟ್ಟರೆ ಅದು ಎಲ್ಲಿಯ ತನಕ ಹೋಗುತ್ತದೆ ಅಂತ ಕಣ್ಣಿಗೆ ಕಂಡಿತು ಅನ್ನುತ್ತಾರೆ. ಅಷ್ಟೇ.

ಬಾಯಿ ಬಿಡದ ವರ್ಷಗಳು

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆ ತಲೆಮಾರಿನ ಬಹುಪಾಲು ಸೈನಿಕರು ಹಾಗೇ. ಬದುಕಿ ಬಂದ ಯಹೂದಿಗಳೇ ಎಷ್ಟೋ ಜನ ಮಕ್ಕಳ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಬಾಸ್‌ಗೆ ಬೇರೆ ಕೆಲಸವೂ ಇತ್ತು. ಮಾಜಿ ಸೈನಿಕರಿಗೆ ಸರ್ಕಾರ ಕೊಟ್ಟ ಓದುವ ಸೌಲಭ್ಯದಲ್ಲಿ ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿ ಶಿಕ್ಷಕರ ತರಬೇತಿ ಕಾಲೇಜು ಸೇರಿದರು. ಕಾಲೇಜು ಸೇರಿಸಿಕೊಂಡಿತು, ಹಾಸ್ಟೆಲ್ಲಿನಲ್ಲಿ ಜಾಗ ಕೊಡಲಿಲ್ಲ. ಕಾರಣ ಬಣ್ಣ. ಇದು ಉತ್ತರದ ರಾಜ್ಯ, ದಕ್ಷಿಣವಲ್ಲ. ಓದು ಮುಗಿಸಿ ಫಿಲಡೆಲ್ಫಿಯಾದಲ್ಲಿ ಮೇಷ್ಟ್ರಾದರು. ಡಾಕ್ಟರೇಟ್ ಮಾಡಿದರು. 1968ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿನ ಪ್ರಿನ್ಸಿಪಾಲರಾದರು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷ ಅದು. ಆ ಹುಡುಗರು ಯಾವ ಮನಸ್ಥಿತಿಯಲ್ಲಿ ಶಾಲೆಗೆ ಬರುತ್ತಿದ್ದರು ಅಂತ ಊಹಿಸಲು ಇಷ್ಟು ಸಾಕು.

ಹುಡುಗರು ಯಾಕೆ ಕೇಳಿದರು

ಪ್ರಿನ್ಸಿಪಾಲರು ಬಂದರು, ಹೆದರಿ ಸುಮ್ಮನಾದರು ಅನ್ನಬಹುದು. ನನಗೆ ಒಪ್ಪಿಗೆಯಾಗುವುದಿಲ್ಲ. ಹೆದರಿಕೆಯಿಂದ ಸುಮ್ಮನಾದ ತರಗತಿ ಐದು ನಿಮಿಷಕ್ಕೆ ಮತ್ತೆ ಶುರುವಾಗುತ್ತದೆ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು.

ನನ್ನ ಓದು ಬೇರೆ. ಆ ಹುಡುಗರ ಮನಸ್ಸಿನಲ್ಲಿ ಒಂದು ಗೋಡೆ ಇತ್ತು. ನಮ್ಮ ಕಷ್ಟ ಬೇರೆ, ಅವರ ಕಷ್ಟ ಬೇರೆ. ನಮ್ಮ ಕಷ್ಟಕ್ಕೇ ಯಾರೂ ಕಿವಿ ಕೊಡುವುದಿಲ್ಲ, ನಾವ್ಯಾಕೆ ಅವರದ್ದಕ್ಕೆ ಕೊಡಬೇಕು? ಈ ಪ್ರಶ್ನೆ ತಪ್ಪೇನಲ್ಲ. ಕಲೆಸ್ಕಾ ಎಷ್ಟು ಚೆನ್ನಾಗಿ ಹೇಳಿದರೂ ಆ ಗೋಡೆಯ ಆಚೆ ಕಡೆಯಿಂದಲೇ ಹೇಳಬೇಕಿತ್ತು. ಬಾಸ್ ನಿಂತದ್ದು ಈಚೆ ಕಡೆ. ಅದೇ ಊರಿನವರು, ಅದೇ ಬಣ್ಣದವರು, ಆ ಮಕ್ಕಳು ಬೇಡ ಅನ್ನಿಸಿಕೊಂಡ ಬಾಗಿಲುಗಳಲ್ಲೇ ಅವರೂ ಬೇಡ ಅನ್ನಿಸಿಕೊಂಡವರು. ಅಂಥವರು ಬಂದು, ಆಕೆ ಸುಳ್ಳು ಹೇಳುತ್ತಿಲ್ಲ ಅಂತ ಜಾಮೀನು ನಿಂತರು. ಜಾಮೀನು ಅನ್ನುವ ಪದ ಬೇಕೆಂದೇ ಬಳಸಿದ್ದೇನೆ. ಊರಲ್ಲಿ ಸಾಲ ಕೊಡುವವನು ಕೇಳುವವನ ಮುಖ ನೋಡುವುದಿಲ್ಲ, ಜಾಮೀನು ನಿಂತವನ ಮುಖ ನೋಡುತ್ತಾನೆ.

ಇನ್ನೂ ಒಂದು ವಿಷಯ ಇದೆ. ಮುಂದಿನ ಭಾಷಣಗಳಲ್ಲಿ ಬಾಸ್ ತಮ್ಮ ಕತೆ ಹೇಳುತ್ತಿದ್ದ ಕ್ರಮ. ಬುಕೆನ್‌ವಾಲ್ಡ್‌ನಿಂದ ಅವರು ಶುರು ಮಾಡುತ್ತಿರಲಿಲ್ಲ. ಮೊದಲು ಜಾರ್ಜಿಯಾದ ನೀರಿನ ನಲ್ಲಿ, ಬಸ್ಸು, ಹೋಟೆಲು. ಆಮೇಲೆ ಯುದ್ಧ. ಶಿಬಿರ ಬರುವಷ್ಟರಲ್ಲಿ ಕೇಳುವವನು ಅವಮಾನ ಅಂದರೆ ಏನು ಅಂತ ಸಣ್ಣ ಅಳತೆಯಲ್ಲಿ ಅನುಭವಿಸಿರುತ್ತಾನೆ.

ಇಲ್ಲಿ ಜಾರಿ ಬೀಳುವುದು ಸುಲಭ. ನಲ್ಲಿಯ ನೀರಿಗೂ ಹೆಣದ ರಾಶಿಗೂ ಸಮ ಹಾಕಿಬಿಟ್ಟರೆ ಎರಡಕ್ಕೂ ಅನ್ಯಾಯ. ಬಾಸ್ ಸಮ ಹಾಕಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರು, ನಡುವಿನ ದಾರಿಯನ್ನು ಕೇಳುವವರಿಗೆ ಬಿಟ್ಟರು. ಹಾಲೋಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿ ನರಮೇಧದ ಪಾಠದಲ್ಲಿ ಇದು ದೊಡ್ಡ ತಲೆನೋವು. ಹೋಲಿಸಲೇ ಬಾರದು ಅಂದರೆ ಮಕ್ಕಳಿಗೆ ಅದು ಬೇರೆ ಗ್ರಹದ ಕತೆಯಾಗುತ್ತದೆ. ಎಲ್ಲದಕ್ಕೂ ಹೋಲಿಸಿದರೆ 60 ಲಕ್ಷ ಯಹೂದಿಗಳನ್ನು ಕೊಂದ ಒಂದು ನಿರ್ದಿಷ್ಟ ಅಪರಾಧ ಕರಗಿ ನೀರಾಗುತ್ತದೆ.

1982ರಲ್ಲಿ ನಿವೃತ್ತರಾದ ಮೇಲೆ ಬಾಸ್‌ಗೆ ಇದೇ ಪೂರ್ತಿ ಕೆಲಸವಾಯಿತು.

ಲಿಬರೇಟರ್ ಅನ್ನುವ ಪಟ್ಟ

ಇಲ್ಲಿಗೆ ಮುಗಿಸಿದರೆ ಚೆಂದದ ಕತೆ. ಆದರೆ ಪ್ರಕರಣ ಅಂತ ಬರೆಯಲು ಕೂತ ಮೇಲೆ ತೊಡಕಿನ ಭಾಗವನ್ನೂ ಬರೆಯಬೇಕು ಅಲ್ವಾ.

ಬಾಸ್ ಅವರನ್ನು ಎಲ್ಲರೂ ಬುಕೆನ್‌ವಾಲ್ಡ್‌ನ ಲಿಬರೇಟರ್ ಅಂತ ಕರೆದರು. ಅಂದರೆ ಬಿಡುಗಡೆ ಮಾಡಿದವರು. ದಾಖಲೆ ಏನು ಹೇಳುತ್ತದೆ? 1945ರ ಏಪ್ರಿಲ್ 11. ಅದಕ್ಕೂ ಮುಂಚಿನ ದಿನಗಳಲ್ಲಿ ಶಿಬಿರ ನಡೆಸುತ್ತಿದ್ದ ನಾಜಿ ಪಡೆ ಎಸ್‌ಎಸ್‌ನವರು ಸುಮಾರು 28,000 ಕೈದಿಗಳನ್ನು ಅಲ್ಲಿಂದ ಹೊರಡಿಸಿದ್ದರು. ಅಮೆರಿಕದ ಟ್ಯಾಂಕುಗಳು ಹತ್ತಿರ ಬಂದ ಸುದ್ದಿಗೆ ಕಾವಲಿನವರು ಓಡತೊಡಗಿದರು. ಗುಟ್ಟಾಗಿ ಸಂಘಟಿತರಾಗಿದ್ದ ಕೈದಿಗಳೇ ಕಾವಲು ಗೋಪುರಗಳನ್ನು ಹಿಡಿದರು. ಆಮೇಲೆ ಬಂದದ್ದು ಅಮೆರಿಕದ 6ನೇ ಆರ್ಮರ್ಡ್ ಡಿವಿಷನ್, ಅಂದರೆ ಹಲವು ಬೆಟಾಲಿಯನ್ ಸೇರಿದ ದೊಡ್ಡ ಟ್ಯಾಂಕು ಪಡೆ. ಮೊದಲು ಒಳಗೆ ಕಾಲಿಟ್ಟ ಗುಂಪಿನಲ್ಲಿ ಇದ್ದವರು ಬರೀ ನಾಲ್ಕು ಜನ, ಕ್ಯಾಪ್ಟನ್ ಫ್ರೆಡರಿಕ್ ಕೆಫರ್ ಮತ್ತು ಮೂವರು ಸೈನಿಕರು. ಒಳಗೆ ಸಿಕ್ಕವರು ಸುಮಾರು 21,000 ಕೈದಿಗಳು. 183ನೇ ಬೆಟಾಲಿಯನ್‌ನವರು ಬಂದದ್ದು ಇದರ ನಂತರ.

ಇದು ಬರೀ ತಾರೀಖಿನ ಜಗಳವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 1992ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಒಂದು ಸಾಕ್ಷ್ಯಚಿತ್ರ ಬಂತು, ಹೆಸರೇ ‘ಲಿಬರೇಟರ್ಸ್’. ಕಪ್ಪು ಸೈನಿಕರ 761ನೇ ಟ್ಯಾಂಕ್ ಬೆಟಾಲಿಯನ್ ಬುಕೆನ್‌ವಾಲ್ಡ್ ಮತ್ತು ದಾಖಾವ್ ಶಿಬಿರಗಳನ್ನು ಬಿಡುಗಡೆ ಮಾಡಿತು ಅಂತ ಅದು ತೋರಿಸಿತು. ಉದ್ದೇಶ ಒಳ್ಳೆಯದೇ. 1991ರಲ್ಲಿ ನ್ಯೂಯಾರ್ಕಿನ ಕ್ರೌನ್ ಹೈಟ್ಸ್‌ನಲ್ಲಿ ಕಪ್ಪು ಜನಕ್ಕೂ ಯಹೂದಿಗಳಿಗೂ ಗಲಭೆಯಾಗಿತ್ತು. ಇಬ್ಬರನ್ನೂ ಕೂಡಿಸಲು ಅದೇ ಊರಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಅಪೋಲೋ ಥಿಯೇಟರಿನಲ್ಲಿ ಚಿತ್ರ ತೋರಿಸಿದರು. ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು.

ಆಮೇಲೆ 761ನೇ ಬೆಟಾಲಿಯನ್ನಿನ ಮಾಜಿ ಸೈನಿಕರಲ್ಲೇ ಕೆಲವರು ಎದ್ದು ನಿಂತು, ನಾವು ಅಲ್ಲಿ ಇರಲೇ ಇಲ್ಲ ಅಂದರು. ಅಮೆರಿಕನ್ ಜ್ಯೂಯಿಶ್ ಕಮಿಟಿಗಾಗಿ ಕೆನೆತ್ ಸ್ಟರ್ನ್ ತನಿಖೆ ಮಾಡಿ ಅದೇ ತೀರ್ಮಾನಕ್ಕೆ ಬಂದರು. 1993ರ ಫೆಬ್ರವರಿಯಲ್ಲಿ ಟಿವಿ ಸಂಸ್ಥೆ ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡಿತು. ಅದಾಗಿ ಎರಡು ತಿಂಗಳಿಗೆ ವಾಷಿಂಗ್ಟನ್‌ನಲ್ಲಿ ಹಾಲೋಕಾಸ್ಟ್ ಮ್ಯೂಸಿಯಂ ಬಾಗಿಲು ತೆರೆಯಿತು.

ನೋವಿನ ಸಂಗತಿ ಅಂದರೆ 761 ಸಣ್ಣ ತುಕಡಿಯೇನಲ್ಲ. ಯುದ್ಧದಲ್ಲಿ ನಿಜವಾಗಿ ಹೆಸರು ಮಾಡಿದ್ದು. ಆಸ್ಟ್ರಿಯಾದ ಗುನ್ಸ್‌ಕಿರ್ಶನ್ ಶಿಬಿರದ ಬಿಡುಗಡೆಯ ಜೊತೆ ಅದರ ಹೆಸರು ಇವತ್ತಿಗೂ ಬರುತ್ತದೆ. ಇದ್ದದ್ದನ್ನು ಹೇಳಿದ್ದರೆ ಸಾಕಿತ್ತು. ಇನ್ನೂ ದೊಡ್ಡ ಹೆಸರಿನ ಶಿಬಿರ ಬೇಕು ಅಂತ ಹೋಗಿ, ಇದ್ದದ್ದರ ಮೇಲೂ ಅನುಮಾನ ಬರುವ ಹಾಗಾಯಿತು. ಹಾಲೋಕಾಸ್ಟ್ ನಡೆಯಲೇ ಇಲ್ಲ ಅನ್ನುವ ಮಂದಿ ಇಂಥ ಒಂದು ಬಿರುಕಿಗೇ ಕಾದು ಕೂತಿರುತ್ತಾರೆ.

ಬಾಸ್ ಅವರ ಕತೆಗೆ ಇದರ ಬಿಸಿ ತಟ್ಟಬಹುದಿತ್ತು, ಆದರೆ ಅದರ ತಿರುಳು ಅಲುಗಲಿಲ್ಲ. ಬಿಡುಗಡೆಯಾದ ಮೇಲಿನ ದಿನಗಳಲ್ಲಿ 183ನೇ ಬೆಟಾಲಿಯನ್ನಿನವರು ಬುಕೆನ್‌ವಾಲ್ಡ್‌ಗೆ ಹೋಗಿದ್ದು ನಿಜ. ಅದೇ ಬೆಟಾಲಿಯನ್ನಿನ ವಿಲಿಯಂ ಸ್ಕಾಟ್ ಅಲ್ಲಿ ಫೋಟೋ ತೆಗೆದಿದ್ದಾರೆ. ಮ್ಯೂಸಿಯಂ ಮತ್ತು ಅಮೆರಿಕದ ಸೈನ್ಯ ಸೇರಿ ಮಾಡಿಕೊಂಡ ನಿಯಮದಲ್ಲಿ ಲಿಬರೇಟರ್ ಅನ್ನುವ ಹೆಸರು ಸಿಗುವುದು ಡಿವಿಷನ್‌ಗಳಿಗೆ, ಅದೂ ಮೊದಲ ತುಕಡಿ ತಲುಪಿದ 48 ಗಂಟೆಯೊಳಗೆ ಬಂದಿದ್ದರೆ. ಸೇತುವೆ ಕಟ್ಟುವ ಬಿಡಿ ಬೆಟಾಲಿಯನ್ ಆ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಮಟ್ಟಿಗೆ ಆ ಪಟ್ಟ ಬಾಸ್‌ಗೆ ಬೇಕಾಗಿಯೇ ಇರಲಿಲ್ಲ. ತರಗತಿಯಲ್ಲಿ ಹುಡುಗರನ್ನು ಸುಮ್ಮನಾಗಿಸಿದ ಮಾತಿನಲ್ಲಿ ಬಿಡುಗಡೆ ಅನ್ನುವುದೇ ಇರಲಿಲ್ಲ, ನೋಡಿದ್ದೇನೆ ಅನ್ನುವುದಷ್ಟೇ ಇತ್ತು. ಲಿಬರೇಟರ್ ಅನ್ನುವ ಪಟ್ಟ ಕಟ್ಟಿದ್ದು ಆಮೇಲಿನ ವೇದಿಕೆಗಳು. ಸನ್ಮಾನದ ಫಲಕಕ್ಕೆ ಸಾಕ್ಷಿ ಅನ್ನುವ ಪದ ಸಪ್ಪೆ, ಲಿಬರೇಟರ್ ಅಂದರೆ ಮೆರುಗು ಜಾಸ್ತಿ. ನಮ್ಮಲ್ಲೂ ಜಾಥಾದಲ್ಲಿ ಒಂದು ದಿನ ಬಾವುಟ ಹಿಡಿದವರು ಸನ್ಮಾನ ಪತ್ರದಲ್ಲಿ ಸ್ವಾತಂತ್ರ್ಯ ಸೇನಾನಿ ಆಗಿಬಿಡುವುದಿಲ್ಲವೇ, ಹಾಗೆ. ಒಂದೇ ಕತೆಯನ್ನು ವರ್ಷಗಟ್ಟಲೆ ಹೇಳಿದಾಗ ಅಂಚುಗಳು ಸವೆಯುವುದೂ ಸಹಜ. ತಾರೀಖು ಒಂದೆರಡು ದಿನ ಆಚೀಚೆ ಆಗುತ್ತದೆ, ಅಂಟಿಹೋದ ಬೆರಳುಗಳು ಹಾಗೇ ಇರುತ್ತವೆ. ಕಾಗದದಿಂದ ತಾರೀಖು, ಮನುಷ್ಯನಿಂದ ಕೈಗಳು. ಒಬ್ಬರ ಕೆಲಸ ಇನ್ನೊಬ್ಬರಿಗೆ ಹೊರಿಸಿದಾಗಲೇ ರಗಳೆ.

ಪಾಠಕ್ಕೆ ತಂದರೆ

ಬಾಸ್ 2015ರ ಮಾರ್ಚ್‌ನಲ್ಲಿ ತೀರಿಕೊಂಡರು, 90 ವರ್ಷವಾಗಿತ್ತು. ಅವರು ಮಾತಾಡಿದ ವಿಡಿಯೊಗಳು ಇವೆ, ಯಾವ ಶಾಲೆಯಲ್ಲಿ ಬೇಕಾದರೂ ಹಾಕಬಹುದು. ಆದರೆ ವಿಡಿಯೊ ಜಾಮೀನು ನಿಲ್ಲುವುದಿಲ್ಲ. ಹಿಂದಿನ ಬೆಂಚಿನವರು ನಕ್ಕರೆ ಅದು ಮುಂದಕ್ಕೆ ಓಡುತ್ತಲೇ ಇರುತ್ತದೆ.

ಈ ಪ್ರಕರಣವನ್ನು ತರಗತಿಗೆ ತರುವ ಮೇಷ್ಟ್ರುಗಳಿಗೆ ನನ್ನದೊಂದು ಸಲಹೆ: ಎರಡು ಪೀರಿಯಡ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಅವರು ಹೇಳಿದ ಕ್ರಮದಲ್ಲೇ ಹೋಗಿ, ನೀರಿನ ನಲ್ಲಿಯಿಂದ ಶಿಬಿರದ ತನಕ. ಶಿಬಿರದ ಫೋಟೋಗಳನ್ನು ರಾಶಿ ಹಾಕಬೇಡಿ, ಆ ಕೈಗಳ ವಿವರ ಒಂದೇ ಸಾಕು. ಎರಡನೆಯದರಲ್ಲಿ 1993ರ ಜಗಳ ಹಾಕಿ. ಏಪ್ರಿಲ್ 11ರ ದಾಖಲೆಯನ್ನು ಬೋರ್ಡಿನ ಮೇಲೆ ಬರೆದು, ಲಿಬರೇಟರ್ ಅಂದರೆ ಯಾರು ಅಂತ ಮಕ್ಕಳನ್ನೇ ಕೇಳಿ. ಗೋಪುರ ಹಿಡಿದ ಕೈದಿಗಳೋ, ಮೊದಲು ಬಂದ ನಾಲ್ವರೋ, ಬಾಸ್ಟೋನ್ ದಾರಿಯಲ್ಲಿ ಸೇತುವೆ ಕಟ್ಟಿದವರೋ? ಗಲಾಟೆ ಆಗುತ್ತದೆ. ಆಗಲಿ ಬಿಡಿ.